ಮೇಣದ ಲೇಪ: ಕಾಯಕವೋ ಮೋಹವೋ

ಹಿರಿಯರು ಬಿಟ್ಟುಹೋದ ಬೀಟೆಯ ಕುರ್ಚಿ, ತೇಗದ ಪೆಟ್ಟಿಗೆ, ಪುರಾಣ ಓದುತ್ತಿದ್ದ ವ್ಯಾಸಪೀಠ ಇವು ಅನೇಕ ಭಕ್ತರ ಮನೆಗಳಲ್ಲಿ ಇಂದಿಗೂ ಉಳಿದಿವೆ. ಕೈಯೂರಿದ ಕಡೆ ಹೊಳಪು ತೆಳುವಾಗಿ, ಅಂಚುಗಳಲ್ಲಿ ಬರಿಯ ಮರವೇ ಕಾಣುತ್ತಿರುತ್ತದೆ. ಇವನ್ನು ಜೋಪಾನ ಮಾಡುವುದು ಸದ್ಗೃಹಸ್ಥನ ಕರ್ತವ್ಯವೋ ಅಥವಾ ಜಡವಸ್ತುವಿನ ಮೇಲಣ ವ್ಯಾಮೋಹವೋ? ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಬಸವಣ್ಣನವರು ಬೋಧಿಸಿರುವಾಗ, ಇಂದಲ್ಲ ನಾಳೆ ಅಳಿಯುವ ಮರಕ್ಕೆ ಮೇಣ ಸವರುತ್ತ ಕುಳಿತಿರುವುದು ಎಷ್ಟರಮಟ್ಟಿಗೆ ಸರಿ? ಈ ಸಂದೇಹವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಕೆಲಸದ ಸ್ವರೂಪವನ್ನರಿಯದೆ ಅದರ ಧರ್ಮವನ್ನು ನಿರ್ಣಯಿಸಲಾಗದು. ಹಳೆಯ ಸಾಮಾನುಗಳ ಹೊಳಪು ಬಹುಮಟ್ಟಿಗೆ ಅರಗಿನದು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟವೊಂದು ಸ್ರವಿಸುವ ಅಂಟೇ ಅರಗು. ಅದನ್ನು ಶೋಧಿಸಿ, ಸ್ಪಿರಿಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತಿಕ್ಕಿದರೆ ಫ್ರೆಂಚ್ ಪಾಲಿಶ್ ಎನಿಸುತ್ತದೆ. ಅದು ಬಿಸಿಯನ್ನು ತಾಳದು. ನೀರು ನಿಂತರೆ ಬೆಳ್ಳಗಾಗುತ್ತದೆ. ಸವೆದ ಅರಗಿಗೆ ಜೇನುಮೇಣವೇ ಸೌಮ್ಯವಾದ ರಕ್ಷೆ. ಮೇಣವು ಸುಮಾರು ೬೨ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದರಿಂದ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದರೆ ಸಾಕು. ಬಳಿಕ ಒಲೆಯಿಂದ ದೂರ ಒಯ್ದು ಟರ್ಪೆಂಟೈನ್ ಬೆರೆಸಬೇಕು, ಏಕೆಂದರೆ ಅದರ ಆವಿಗೆ ಬೆಂಕಿ ತಗಲುವುದುಂಟು. ಧೂಳನ್ನು ಒರೆಸಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ತೆಳ್ಳಗೆ ಸವರುವುದು. ಆರಿದ ಮೇಲೆ ಮೆತ್ತನೆಯ ಬಟ್ಟೆಯಿಂದ ತಿಕ್ಕುವುದು. ವರ್ಷಕ್ಕೊಮ್ಮೆ ಸಾಕು. ದಪ್ಪ ಬಳಿದರೆ ಧೂಳು ಹಿಡಿಯುವುದೇ ಹೊರತು ರಕ್ಷಣೆ ಹೆಚ್ಚದು. ಅರಗು ಎದ್ದು ಉದುರುತ್ತಿರುವಲ್ಲಿ ಮೇಣದ ಗೊಡವೆಗೆ ಹೋಗದೆ ಬಲ್ಲ ಬಡಗಿಯನ್ನು ಕರೆಯುವುದೇ ಲೇಸು. ಕೆಲವರು ಅಗಸೆ ಎಣ್ಣೆ ಬಳಿಯುತ್ತಾರೆ. ಅದು ಕಾಲಕ್ರಮದಲ್ಲಿ ಕಪ್ಪಾಗುತ್ತದೆ, ತೆಗೆಯಲೂ ಬಾರದು. ಮೇಲಾಗಿ ಆ ಎಣ್ಣೆಯ ಬಟ್ಟೆಗಳನ್ನು ಮುದ್ದೆಯಾಗಿ ಬಿಸಾಡಿದರೆ ತಾವಾಗಿಯೇ ಕಾದು ಹೊತ್ತಿಕೊಳ್ಳಬಹುದು.

ಮೇಣದ ಗುಣವೊಂದು ವಿಚಾರಾರ್ಹವಾಗಿದೆ. ಅದು ಅರಗಿನ ಮೇಲೆ ಕುಳಿತು, ಅರಗು ಸವೆಯುವ ಬದಲು ತಾನೇ ಸವೆಯುತ್ತದೆ. ಬೇಡವಾದರೆ ಟರ್ಪೆಂಟೈನಿನಿಂದ ಒರೆಸಿ ತೆಗೆಯಬಹುದು. ಕೆಳಗಿನ ಅರಗು ಅದಕ್ಕೆ ಕರಗದು. ಹಿಂದಿನವನ ಕೈಗೆಲಸವನ್ನು ಅಳಿಸದೆ ಮಾಡುವ ಸೇವೆ ಇದು. ಉಪ್ಪುಕಾಗದ ಹಿಡಿದು ಹಳೆಯದನ್ನೆಲ್ಲ ಕೆರೆದು ಹೊಸ ಹೊಳಪು ಕೊಡಿಸುವವನ ಬಗೆ ಬೇರೆ. ಅವನಿಗೆ ಬೇಕಾದುದು ಅಜ್ಜನ ಕುರ್ಚಿಯಲ್ಲ, ನೆರೆಯವರ ಮೆಚ್ಚುಗೆ. ಹೊಸ ಮರಕ್ಕೆ ಕಪ್ಪು ಬಳಿದು ಪುರಾತನವೆಂದು ಮಾರುವವನಂತೂ ಹುಸಿಯನ್ನೇ ಬೆಲೆಗೆ ಕೊಡುತ್ತಾನೆ.

ಆದರೂ ಮೊದಲಿನ ಸಂದೇಹ ತೀರಲಿಲ್ಲ. ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನವರ ಪ್ರಸಂಗವಿದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಆ ಶರಣರು ಕಾಯಕ ಬಿಟ್ಟು ಅದರ ಹಿಂದೆ ಹೋಗಲಿಲ್ಲ. ಲಿಂಗಕ್ಕೇ ದೊರೆಯದ ವಿನಾಯಿತಿ ಒಂದು ಕುರ್ಚಿಗೆ ದೊರೆತೀತೇ? ಹಾಗೆಂದು ಮೇಣ ಸವರುವುದು ನಿಷಿದ್ಧವೆಂದಲ್ಲ. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಮರವನ್ನು ಬಿಟ್ಟುಕೊಡುವುದು ವೈರಾಗ್ಯವಲ್ಲ, ಸೋಮಾರಿತನ. ಮರ ಕಡಿದವನ, ಕೆತ್ತಿದವನ, ಮೆರುಗಿತ್ತವನ ಬೆವರು ಅದರಲ್ಲಿದೆ. ಆ ಬೆವರನ್ನು ಕಾಯುವುದೂ ಕಾಯಕಕ್ಕೆ ತೋರುವ ಗೌರವವೇ ಸರಿ.

ಪರೀಕ್ಷೆ ಬರುವುದು ಮನೆಗೆ ಅತಿಥಿ ಬಂದಾಗ. ಆತನು ಬಿಸಿಹಾಲಿನ ಲೋಟವನ್ನು ಮೇಜಿನ ಮೇಲಿರಿಸುತ್ತಾನೆ. ಅರಗಿನ ಮೇಲೆ ಬಳೆಯಂತಹ ಬಿಳಿಯ ಕಲೆ ಮೂಡುತ್ತದೆ. ಯಜಮಾನನ ಮೋರೆ ಗಂಟಿಕ್ಕುತ್ತದೆ. ಅತಿಥಿ ಅದನ್ನು ಕಂಡು ಲೋಟವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಆ ಕಲೆ ಕೆಲವೊಮ್ಮೆ ತಾನಾಗಿ ಆರಿಹೋಗುತ್ತದೆ, ಇಲ್ಲವೇ ಬಲ್ಲವರು ತೆಗೆದುಕೊಡುತ್ತಾರೆ. ತೊಡೆಯ ಮೇಲಿಟ್ಟ ಲೋಟದ ನೆನಪು ಹಾಗೆ ಆರುವುದಿಲ್ಲ. ಜಂಗಮವನ್ನು ದೂರವಿಟ್ಟು ಪೀಠವನ್ನು ಕಾದಂತಾಯಿತು.

ಕುರ್ಚಿಯ ತೋಳು ಸವೆದುದು ಬಂದು ಕುಳಿತವರ ಕೈಗಳಿಂದಲೇ ಅಲ್ಲವೇ? ಇಂದು ಅದೇ ಕುರ್ಚಿಯನ್ನು ನಡುಮನೆಯಲ್ಲಿರಿಸಿ, ಮೇಣ ಹಚ್ಚಿ, ಮಕ್ಕಳನ್ನೂ ಹತ್ತಗೊಡದ ಮನೆಗಳುಂಟು. ಅದರ ಸಡಿಲಿದ ಕಾಲನ್ನು ಬಿಗಿದುಕೊಟ್ಟ ಬಡಗಿಗೆ ಕೂಲಿ ಎಣಿಸಿಕೊಟ್ಟು, ಅವನನ್ನು ಜಗಲಿಯ ಅಂಚಿನಲ್ಲಿಯೇ ಕುಳ್ಳಿರಿಸಿ ನೀರು ಕೊಡುವ ಮನೆಗಳೂ ಉಂಟು. ಸಂಜೆ ಆ ನಡುಮನೆಯಲ್ಲಿ ಕಾಯಕದ ವಚನವನ್ನು ಓದುವಾಗ ಖಾಲಿಯಾಗಿ ಹೊಳೆಯುವ ಕುರ್ಚಿಯ ಕಡೆಗೆ ಆ ಮನೆಯವರು ಹೇಗೆ ನೋಡುತ್ತಾರೋ!