ಓಷ್ಠಲೇಪ ಮೀಮಾಂಸೆ

ತುಟಿಯ ಮೇಲೆ ನಿಂತು, ತುಟಿಗೆ ಹೊರಗಿನಿಂದ ಒದಗುವ ಹಾನಿಯನ್ನು ತಡೆಯುವ ಸ್ನಿಗ್ಧದ್ರವ್ಯವೇ ಓಷ್ಠಲೇಪ. ವ್ಯವಹಾರದಲ್ಲಿ ಲಿಪ್ ಬಾಮ್ ಎನ್ನುವುದು ಇದನ್ನೇ. ಲಕ್ಷಣದಲ್ಲಿ ‘ನಿಂತು’ ಎಂದಿರುವುದು ನೀರು ಮತ್ತು ಎಂಜಲಿನ ವ್ಯಾವೃತ್ತಿಗಾಗಿ, ಅಂದರೆ ಅವನ್ನು ಹೊರಗಿಡುವುದಕ್ಕಾಗಿ. ಅವು ಕ್ಷಣಕಾಲ ಒದ್ದೆ ಮಾಡಿ, ಆರುವಾಗ ಮೊದಲಿದ್ದ ತೇವವನ್ನೂ ಒಯ್ಯುತ್ತವೆ. ‘ಹಾನಿಯನ್ನು ತಡೆಯುವ’ ಎಂದಿರುವುದು ಕೇವಲ ಬಣ್ಣಕ್ಕಾಗಿ ಹಚ್ಚುವ ಲಿಪ್‌ಸ್ಟಿಕ್‌ನ ವ್ಯಾವೃತ್ತಿಗಾಗಿ. ಬಣ್ಣದಲ್ಲಿ ಸೂರ್ಯರಕ್ಷಕ ಬೆರೆತಿದ್ದರೆ ಆ ಅಂಶದಲ್ಲಿ ಅದೂ ಲೇಪವೇ.

ಲೇಪದ ವ್ಯಾಪಾರ ಎರಡು ಬಗೆ: ಸ್ನೇಹನ ಮತ್ತು ಆವರಣ. ತೇವ ಹೊರಹೋಗದಂತೆ ಹಿಡಿಯುವುದು ಸ್ನೇಹನ. ಜೇನುಮೇಣ, ಪೆಟ್ರೋಲಿಯಂ ಜೆಲ್ಲಿ, ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಇದಕ್ಕೆ ಸಾಧನ. ನೇರಳಾತೀತ ಕಿರಣ ಒಳಸೇರದಂತೆ ತಡೆಯುವುದು ಆವರಣ. ಇದಕ್ಕೆ ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್‌ಗಳೆಂಬ ಖನಿಜಗಳು, ಇಲ್ಲವೇ ಅವೊಬೆನ್ಝೋನ್ ಮೊದಲಾದ ಸಾವಯವ ರಾಸಾಯನಿಕಗಳು ಬೇಕು. ಈ ಎರಡರ ಅವಿವೇಕವೇ, ಅಂದರೆ ಒಂದನ್ನು ಇನ್ನೊಂದೆಂದು ತಿಳಿಯುವುದೇ, ಈ ವಿಷಯದ ಬಹುಪಾಲು ದೋಷಗಳಿಗೆ ಮೂಲ.

ಆವರಣ ತುಟಿಗೆ ವಿಶೇಷವಾಗಿ ಏಕೆ ಬೇಕು? ತುಟಿಯ ಕೆಂಪು ಭಾಗದಲ್ಲಿ ಕೆರಟಿನ್ ಪದರ ತೆಳು, ಮೆಲನಿನ್ ಅಲ್ಪ, ಬೆವರುಗ್ರಂಥಿ ಇಲ್ಲ. ಅದರಲ್ಲೂ ಕೆಳದುಟಿ ಮುಂದೆ ಚಾಚಿ ಆಕಾಶಕ್ಕೆ ಮುಖ ಮಾಡಿರುವುದರಿಂದ ನಡುಹಗಲಿನ ಬಿಸಿಲನ್ನು ನೇರವಾಗಿ ಪಡೆಯುತ್ತದೆ. ಬಿಸಿಲಿನಿಂದಾಗುವ ತುಟಿಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಲ್ಲಿಯೇ.

ಇನ್ನು ಆವರಣದಿಂದ ನಿವಾರಿಸಬೇಕಾದ ಮತ್ತೊಂದು ವ್ಯಾಧಿಯ ನಿರೂಪಣೆ. ಎಚ್‌ಎಸ್‌ವಿ-1 ಎಂಬ ಹರ್ಪಿಸ್ ವೈರಾಣುವಿನಿಂದ ತುಟಿಯ ಅಂಚಿನಲ್ಲಿ ಗುಂಪಾಗಿ ಏಳುವ ನೀರುಗುಳ್ಳೆಗಳೇ ಓಷ್ಠವಿಸರ್ಪ. ಜ್ವರದ ಬೆನ್ನಿಗೆ ಏಳುವುದುಂಟಾದ್ದರಿಂದ ಜ್ವರದ ಗುಳ್ಳೆಯೆಂದೂ ಹೆಸರು. ಏಳುವ ಮುನ್ನಾದಿನ ಆ ಜಾಗ ಜುಮುಗುಟ್ಟುತ್ತದೆ, ಉರಿಯುತ್ತದೆ; ಆಮೇಲೆ ಗುಳ್ಳೆ ಒಡೆದು ಹಕ್ಕಳೆ ಕಟ್ಟುತ್ತದೆ. ಬಾಯೊಳಗಿನ ಸಾಮಾನ್ಯ ಹುಣ್ಣು ಇದಲ್ಲ, ಕಟಬಾಯಿಯ ಸೀಳು ಇದಲ್ಲ. ಸರ್ಪಸುತ್ತೂ ಇದಲ್ಲ, ಕುಲ ಒಂದೇ ಆದರೂ ಅದರ ವೈರಾಣು ಬೇರೆ.

ಇಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ಆಕ್ಷೇಪ: ವೈರಾಣು ವಾಸಿಸುವುದು ಟ್ರೈಜೆಮಿನಲ್ ನರಗ್ರಂಥಿಯಲ್ಲಿ, ತಲೆಬುರುಡೆಯ ಒಳಗೆ. ತುಟಿಗೆ ಹಚ್ಚಿದ ಮೇಣ ಅಲ್ಲಿಗೆ ಮುಟ್ಟದು. ಆದ್ದರಿಂದ ಲೇಪ ವ್ಯರ್ಥ.

ಹಾಗಲ್ಲ. ಕಾರಣ ಬೇರೆ, ನಿಮಿತ್ತ ಬೇರೆ. ಬೀಜ ನೆಲದಲ್ಲಿದ್ದರೂ ಮಳೆ ಬೀಳದೆ ಮೊಳೆಯದು. ವೈರಾಣು ಕಾರಣ; ಬಿಸಿಲು, ಜ್ವರ, ಆಯಾಸ, ಮುಟ್ಟು, ಮನಃಕ್ಲೇಶ ಇವು ನಿಮಿತ್ತಗಳು. ಲೇಪ ಕಾರಣವನ್ನು ನಾಶಮಾಡುತ್ತದೆಂದು ಯಾರೂ ಪ್ರತಿಜ್ಞೆ ಮಾಡಿಲ್ಲ. ಅದು ಒಂದು ನಿಮಿತ್ತವನ್ನು ಮಾತ್ರ ತಡೆಯುತ್ತದೆ. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಪ್ರಮಾಣ. ಪದೇಪದೇ ಗುಳ್ಳೆ ಏಳುತ್ತಿದ್ದ 38 ಜನರ ತುಟಿಗೆ ಕೃತಕ ನೇರಳಾತೀತ ಕಿರಣ ಹಾಯಿಸಿದಾಗ, ಹುಸಿಲೇಪ ಹಚ್ಚಿದ ಸರದಿಯಲ್ಲಿ 27 ಜನರಿಗೆ ಗುಳ್ಳೆ ಎದ್ದಿತು. ಸೂರ್ಯರಕ್ಷಕ ಹಚ್ಚಿದ ಸರದಿಯಲ್ಲಿ ಒಬ್ಬರಿಗೂ ಏಳಲಿಲ್ಲ.

ಮತ್ತೊಂದು ಪೂರ್ವಪಕ್ಷ ಇದಕ್ಕಿಂತ ಬಲವಾದುದು. ಅದನ್ನು ಹಗುರವಾಗಿ ಎಣಿಸುವುದು ಶಾಸ್ತ್ರಕ್ಕೆ ಶೋಭಿಸದು. ಪ್ರಯೋಗಶಾಲೆಯ ದೀಪ ಸೂರ್ಯನಲ್ಲ. ಹಿಮದಲ್ಲಿ ಸ್ಕೀ ಮಾಡುವವರ ಮೇಲೆ ನಡೆದು 1987ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೂರ್ಯರಕ್ಷಕದಿಂದ ಗುಳ್ಳೆ ಕಡಿಮೆಯಾಗಲಿಲ್ಲ. 2015ರ ಕಾಕ್ರೇನ್ ಸಮೀಕ್ಷೆಗೂ ಸಹಜ ಬಿಸಿಲಿನಲ್ಲಿ ಲಾಭ ಕಾಣಲಿಲ್ಲ.

ಸಮಾಧಾನ: ಎರಡು ಪ್ರಮಾಣಗಳಿಗೂ ವಿಷಯ ಬೇರೆಯಾದ್ದರಿಂದ ವಿರೋಧವಿಲ್ಲ. ಪ್ರಯೋಗಶಾಲೆಯಲ್ಲಿ ನಿಮಿತ್ತ ಒಂದೇ, ಲೇಪ ಅಖಂಡ. ಪರ್ವತದಲ್ಲಿ ಚಳಿ, ಗಾಳಿ, ದಣಿವು ಬಿಸಿಲಿನ ಜೊತೆಗೂಡುತ್ತವೆ. ಲೇಪವಾದರೋ ಕುಡಿಯುವಾಗ, ಉಣ್ಣುವಾಗ, ನಾಲಗೆ ಸವರುವಾಗ ಅಳಿಯುತ್ತದೆ. ಆದ್ದರಿಂದ ಸಿದ್ಧಾಂತವನ್ನು ಸಂಕುಚಿತಗೊಳಿಸಬೇಕು: ಯಾರ ಗುಳ್ಳೆಗೆ ಬಿಸಿಲೇ ಪ್ರಧಾನ ನಿಮಿತ್ತವೋ, ಯಾರು ಪದರವನ್ನು ಕಾಯ್ದುಕೊಳ್ಳುವರೋ, ಅವರೇ ಈ ವಿಧಿಗೆ ಅಧಿಕಾರಿಗಳು, ಅಂದರೆ ಅರ್ಹರು. ಗುಳ್ಳೆ ಎದ್ದಾಗಲೆಲ್ಲ ಹಿಂದಿನ ನಾಲ್ಕೈದು ದಿನ ಎಲ್ಲಿದ್ದೆವೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಬಂದರೆ ಅಧಿಕಾರ ನಿರ್ಣಯವಾಗುತ್ತದೆ. ಬಿಸಿಲಿನ ಸಂಬಂಧವೇ ಕಾಣದೆ ವರ್ಷದಲ್ಲಿ ಹಲವು ಸಲ ಏಳುವವರಿಗೆ ವೈದ್ಯರು ಕೊಡುವ ಅಸೈಕ್ಲೋವಿರ್‌ನಂಥ ಮಾತ್ರೆಯ ಮಾರ್ಗವೇ ಬೇರೆ. ಕ್ಯಾನ್ಸರಿನ ವಿಷಯದಲ್ಲಿ ಈ ಸಂಕೋಚ ಅನ್ವಯಿಸದು. ಬಿಸಿಲಿನಲ್ಲಿ ದುಡಿಯುವ ಪ್ರತಿಯೊಬ್ಬರೂ ಅಲ್ಲಿ ಅಧಿಕಾರಿಗಳೇ.

ತುಪ್ಪವೇ ಸಾಲದೇ ಎಂದರೆ, ಸ್ನೇಹನಕ್ಕೆ ಸಾಕು, ಆವರಣಕ್ಕೆ ಸಾಲದು. ಬೆಂಗಳೂರಿನಂಥ ತಂಪು ಊರಿನಲ್ಲಿ ಆವರಣ ಏಕೆಂದರೆ, ಶೈತ್ಯ ಗಾಳಿಯ ಧರ್ಮ, ಕಿರಣದ ಧರ್ಮವಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಆ ಊರಲ್ಲಿ ಏಪ್ರಿಲ್ ಮಧ್ಯಾಹ್ನ ನೇರಳಾತೀತ ಸೂಚ್ಯಂಕ 11ನ್ನು ದಾಟುವುದುಂಟು. ಎತ್ತರ ಪ್ರತಿ 1000 ಮೀಟರಿಗೆ ಕಿರಣವನ್ನು ಶೇಕಡ 10ರಷ್ಟು ಹೆಚ್ಚಿಸುತ್ತದೆ, ಹೊಸ ಹಿಮ ಶೇಕಡ 80ರವರೆಗೆ ಮರಳಿ ಎರಚುತ್ತದೆ. ಹಿಮಾಲಯದ ಚಾರಣಕ್ಕೆ ಹೊರಟವರು ಟೋಪಿ ಧರಿಸಿದರೂ ಕೆಳಗಿನಿಂದ ತುಟಿ ಸುಡುವುದು ಹೀಗೆ.

ಆಯ್ಕೆಯ ನಿರ್ಣಯ: ಎಸ್‌ಪಿಎಫ್ ಎಂಬ ಸೂರ್ಯರಕ್ಷಣಾಂಕ 30 ಅಥವಾ ಮೇಲೆ, ಯುವಿ-ಎ ಎಂಬ ನೇರಳಾತೀತ ಬಗೆಯಿಂದ ರಕ್ಷಣೆಯ ಉಲ್ಲೇಖವೂ ಇರಬೇಕು. ಎಸ್‌ಪಿಎಫ್ ಯುವಿ-ಬಿ ಎಂಬ ಇನ್ನೊಂದು ಬಗೆಯ ತಡೆಯನ್ನೇ ಮುಖ್ಯವಾಗಿ ಅಳೆಯುತ್ತದೆ. ಅಂಕ 15 ಅದರ ಶೇಕಡ 93ನ್ನು, 30 ಶೇಕಡ 97ನ್ನು, 50 ಶೇಕಡ 98ನ್ನು ತಡೆಯುತ್ತದೆ. ಈ ಅಂಕಿಗಳು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನವು. ಲೇಪದ ಕಡ್ಡಿಯನ್ನು ಒಮ್ಮೆ ಎಳೆದರೆ ಅಷ್ಟು ಕೂರದು. ಆದ್ದರಿಂದ ತೆಳುವಾದ 50ಕ್ಕಿಂತ ದಪ್ಪವಾದ 30 ಶ್ರೇಷ್ಠ. ಮೆಂಥಾಲ್, ಕರ್ಪೂರ, ದಾಲ್ಚಿನ್ನಿಯ ಸ್ವಾದ ಒಡೆದ ತುಟಿಯನ್ನು ಕೆರಳಿಸುವುದರಿಂದ ವರ್ಜ್ಯ. ಸಿಹಿಯ ಸ್ವಾದ ನೆಕ್ಕಲು ಪ್ರೇರೇಪಿಸುವುದರಿಂದ ಅದೂ ವರ್ಜ್ಯ. ಹೊರಡುವ ಕಾಲು ಗಂಟೆ ಮೊದಲು, ಆಮೇಲೆ ಎರಡು ಗಂಟೆಗೊಮ್ಮೆ, ಕಾಫಿ ಕುಡಿದಾಗಲೂ ಉಂಡಾಗಲೂ ಮತ್ತೆ, ಕೆಳದುಟಿಯ ಹೊರ ಅಂಚಿನವರೆಗೆ ಹಚ್ಚುವುದು ವಿಧಿ. ಒಬ್ಬರ ಕಡ್ಡಿ ಇನ್ನೊಬ್ಬರಿಗೆ ನಿಷಿದ್ಧ. ಗುಳ್ಳೆ ಎದ್ದಿರುವಾಗ ಕಡ್ಡಿಯನ್ನು ತಾಗಿಸದೆ, ಹತ್ತಿಯ ತುದಿಯಿಂದ ತೆಗೆದು ಹಚ್ಚಿ ಆ ಹತ್ತಿಯನ್ನು ಎಸೆಯಬೇಕು.

ಕೆಳದುಟಿಯಲ್ಲಿ ಒರಟಾಗಿ, ಬಿಳುಪಾಗಿ, ವಾರಗಟ್ಟಲೆ ಮಾಯದೆ ಉಳಿದ ಕಲೆ ಓಷ್ಠಲೇಪದ ವಿಷಯವಲ್ಲ. ಅದು ಚರ್ಮವೈದ್ಯರ ಪರೀಕ್ಷೆಗೆ ಸೇರಿದ್ದು.