ಯಾವ ಅಂಚಿನಿಂದ ಅಳೆಯಬೇಕು?

ಕಳೆದ ತಿಂಗಳು ನಮ್ಮ ಓದು ಬಳಗದಲ್ಲಿ ತತ್ತ್ವಶಾಸ್ತ್ರ ಓದಿಕೊಂಡ ಯುವಕರೊಬ್ಬರು, "ಜೀವಕೋಶವನ್ನು ಈವರೆಗೆ ಯಾರೂ ನೋಡಿಲ್ಲ. ನೋಡಿರುವುದೆಲ್ಲ ಮಸೂರ ಮಾಡಿಕೊಟ್ಟ ಬಿಂಬ" ಎಂದರು. ನನಗೆ ಸಿಟ್ಟು ಬಂತು. ಮೂವತ್ತೊಂದು ವರ್ಷ ಸಸ್ಯಶಾಸ್ತ್ರದ ಪ್ರಾಕ್ಟಿಕಲ್‌ಗಳಲ್ಲಿ ಈರುಳ್ಳಿಯ ಪೊರೆ ಸುಲಿಸಿ, ಸ್ಯಾಫ್ರನಿನ್ ಬಣ್ಣ ಹಾಕಿಸಿ, "ನೋಡಿ, ಇದೇ ಜೀವಕೋಶ" ಎನ್ನುತ್ತ ಬಂದವಳು ನಾನು. ಹಾಗಾದರೆ ಅಷ್ಟು ಮಕ್ಕಳಿಗೆ ನಾನು ತೋರಿಸಿದ್ದಾದರೂ ಏನು?

ಪ್ರತ್ಯಕ್ಷ ಪ್ರಮಾಣದ ಬಗ್ಗೆ ನಮ್ಮ ದರ್ಶನಗಳಲ್ಲಿ ನಡೆದ ವಾದಗಳನ್ನು ಅಷ್ಟಿಷ್ಟು ಓದಿದ್ದೇನೆ, ಲಾಕ್, ಬರ್ಕ್ಲಿಯವರನ್ನೂ. ನನ್ನ ಮೇಜಿನ ಮೇಲಿನ ಉಪಕರಣಕ್ಕೆ ಅಲ್ಲಿ ಹೆಚ್ಚೇನೂ ಸಿಗಲಿಲ್ಲ. ಆ ಯುವಕರು ನೆಚ್ಚಿಕೊಂಡಿದ್ದ ತತ್ತ್ವಜ್ಞ ಬಾಸ್ ವಾನ್ ಫ್ರಾಸೆನ್ ಮಾತ್ರ ನಿದ್ದೆಗೆಡಿಸುವ ಎದುರಾಳಿ.

1980ರ 'ದಿ ಸೈಂಟಿಫಿಕ್ ಇಮೇಜ್' ಪುಸ್ತಕದಲ್ಲಿ ಅವರು ಜೀವಕೋಶ ಇಲ್ಲವೆನ್ನುವುದಿಲ್ಲ. ಬರಿಗಣ್ಣಿಗೆ ಕಾಣಬಲ್ಲದ್ದನ್ನು ನಂಬಿ, ಕಾಣಲಾರದ್ದರ ಬಗ್ಗೆ ವಿಜ್ಞಾನ ಹೇಳುವುದನ್ನು ಒಪ್ಪಿ ಕೆಲಸ ಮಾಡಿ, ಆದರೆ ನಂಬಲೇಬೇಕೆಂಬ ಕಟ್ಟುಪಾಡಿಲ್ಲ ಎನ್ನುತ್ತಾರೆ. ದೂರದರ್ಶಕದಲ್ಲಿ ಕಂಡ ಗುರುಗ್ರಹದ ಚಂದ್ರರು ಅವರಿಗೆ ಸಮ್ಮತ, ಹತ್ತಿರ ಹೋದವರು ಕಣ್ಣಿಂದಲೇ ನೋಡಬಹುದು. ಜೀವಕೋಶದ ಹತ್ತಿರ ಹಾಗೆ ಹೋಗಲು ದಾರಿಯಿಲ್ಲ.

ನನ್ನ ಮೊದಲ ಉತ್ತರ ಈರುಳ್ಳಿಯಿಂದಲೇ ಬಂತು. ಬರಿಗಣ್ಣು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಹೇಗೋ ಬಿಡಿಸಿ ನೋಡುತ್ತದೆ. ಈರುಳ್ಳಿ ಪೊರೆಯ ಕೋಶ ಅದಕ್ಕಿಂತ ಉದ್ದ, ಸುಮಾರು ಕಾಲು ಮಿಲಿಮೀಟರ್. ಅಗಲ ಮಾತ್ರ ಅದಕ್ಕಿಂತ ಕಡಿಮೆ. ಹಾಗಾದರೆ ಒಂದೇ ಕೋಶದ ಉದ್ದವನ್ನು ನಂಬಿ ಅಗಲವನ್ನು ಬಿಡಬೇಕೇ? ಜೊತೆಗೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ನನ್ನ ಎರಡೂ ಕಣ್ಣಲ್ಲಿ ಕೃತಕ ಮಸೂರವಿದೆ. ನನ್ನ ಬರಿಗಣ್ಣು ಯಾವುದು?

ಗೆದ್ದೆನೆಂದುಕೊಂಡೆ. ಆದರೆ ಅವರ ಬಳಿ ಉತ್ತರ ಸಿದ್ಧವಿದೆ. ಗೆರೆ ಮಸುಕಾಗಿದ್ದ ಮಾತ್ರಕ್ಕೆ ಗೆರೆಯೇ ಇಲ್ಲವೆಂದಾಗದು. ಸಂಜೆ ಯಾವ ಗಳಿಗೆಯಲ್ಲಿ ರಾತ್ರಿಯಾಯಿತೆಂದು ಹೇಳಲಾಗದಿದ್ದರೂ ನಡುಹಗಲು ನಡುರಾತ್ರಿಯಲ್ಲ. ಕಣ್ಣೊಳಗಿನ ಮಸೂರವೂ ಕಳೆದುಕೊಂಡ ನೋಟವನ್ನು ಮರಳಿ ಕೊಟ್ಟಿತೇ ಹೊರತು ಹಿಂದೆಂದೂ ಇಲ್ಲದ್ದನ್ನಲ್ಲ. ಇದನ್ನು ಒಪ್ಪದೆ ವಿಧಿಯಿಲ್ಲ.

ಆದರೆ ನಾನು ಬರೀ ನೋಡಿದವಳಲ್ಲ, ಅಳೆದವಳು. ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಪಟ್ಟಿಯ ಮೇಲೆ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿ ಗೆರೆ ಕೊರೆದಿರುತ್ತಾರೆ. ಬೆಳಕಿಗೆ ಹಿಡಿದರೆ ಆ ಒಂದು ಮಿಲಿಮೀಟರ್ ಬರಿಗಣ್ಣಿಗೆ ಸಣ್ಣ ಗೀಟಾಗಿ ಕಾಣುತ್ತದೆ. ಅದೇ ಗೀಟು ಮಸೂರದಡಿ ನೂರು ಮನೆಗಳಾಗಿ ಬಿಚ್ಚಿಕೊಳ್ಳುತ್ತದೆ, ಒಂದೊಂದೂ ಹತ್ತು ಮೈಕ್ರಾನ್. ಐಪೀಸಿನೊಳಗಿನ ಅಳತೆಪಟ್ಟಿಯನ್ನು ಅದರ ಜೊತೆ ಹೊಂದಿಸುತ್ತೇವೆ. ನಲವತ್ತರ ಆಬ್ಜೆಕ್ಟಿವ್‌ನಲ್ಲಿ ಐಪೀಸಿನ ನಲವತ್ತು ಭಾಗ ಪಟ್ಟಿಯ ಹತ್ತು ಭಾಗಕ್ಕೆ ಕೂಡಿದರೆ, ಐಪೀಸಿನ ಒಂದು ಭಾಗ ಎರಡೂವರೆ ಮೈಕ್ರಾನ್. ಆಮೇಲೆ ಪಟ್ಟಿ ತೆಗೆದು ಕೋಶವನ್ನಿಟ್ಟು ಅಳೆಯುತ್ತೇವೆ. ಕಾಣುವುದರಿಂದ ಕಾಣದ್ದರವರೆಗೆ ಒಂದು ಸೇತುವೆ ಇದೆ, ಪ್ರತಿ ವರ್ಷ ಅದರ ಮೇಲೆ ಮಕ್ಕಳನ್ನು ನಡೆಸಿದ್ದೇನೆ. ತತ್ತ್ವಜ್ಞ ಇಯಾನ್ ಹ್ಯಾಕಿಂಗ್ ಕೂಡ ದೊಡ್ಡದಾಗಿ ಬರೆದು ಕುಗ್ಗಿಸಿದ ಜಾಲರಿಗಳನ್ನು ಮುಂದಿಟ್ಟು ಇಂಥದೇ ವಾದ ಹೂಡಿದ್ದರು.

ವಾನ್ ಫ್ರಾಸೆನ್ 2008ರಲ್ಲಿ ಕಾಮನಬಿಲ್ಲನ್ನು ತಂದರು. ಎಲ್ಲರೂ ನೋಡುತ್ತೇವೆ, ಫೋಟೋ ತೆಗೆಯುತ್ತೇವೆ, ಆದರೂ ಅಲ್ಲಿ ಬಿಲ್ಲೆಂಬ ವಸ್ತುವಿಲ್ಲ. ಸೂಕ್ಷ್ಮದರ್ಶಕದ ಬಿಂಬವೂ ಹಾಗಿರಬಹುದಲ್ಲ? ಜೋಗದಲ್ಲಿ ಬಿಸಿಲೇರಿದಾಗ ನೀರ್ಮಂಜಿನಲ್ಲಿ ಮೂಡುವ ಬಿಲ್ಲು ನಾನು ನಡೆದರೆ ನನ್ನ ಜೊತೆ ನಡೆಯುತ್ತದೆ. ಕೋಶ ಹಾಗಲ್ಲ. ಒಮ್ಮೆ ಆಬ್ಜೆಕ್ಟಿವ್ ಬದಲಿಸಿದ ಮೇಲೆ ಹಳೆಯ ಲೆಕ್ಕವನ್ನೇ ಬಳಸಿ, ಎಲೆಯ ಪತ್ರರಂಧ್ರಗಳೆಲ್ಲ ನಾಲ್ಕು ಪಟ್ಟು ದೊಡ್ಡವೆಂದು ಬರೆಸಿಬಿಟ್ಟೆ. ಹುಡುಗಿಯೊಬ್ಬಳು ಅದೇ ರಂಧ್ರವನ್ನು ಹತ್ತರ ಆಬ್ಜೆಕ್ಟಿವ್‌ನಲ್ಲಿ ಅಳೆದು, "ಮೇಡಂ, ಇದು ಕಾಲು ಭಾಗವೇ ಬರ್ತಿದೆ" ಎಂದಳು. ಅಳತೆಯಲ್ಲಿ ತಪ್ಪಿ, ಇನ್ನೊಂದು ಅಳತೆಯಿಂದ ತಿದ್ದಿಕೊಳ್ಳಬಹುದಾದದ್ದು ಕಾಮನಬಿಲ್ಲಾಗಲಾರದು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಹಿಂದೆ ತೋರಿಸಿದ್ದ ಅಬ್ಬೆಯ ಪ್ರಯೋಗ ನೆನಪಾಯಿತು. ಸೂಕ್ಷ್ಮದರ್ಶಕ ಎಷ್ಟು ಸಣ್ಣದನ್ನು ಬಿಡಿಸಬಲ್ಲದೆಂಬ ಮಿತಿಯನ್ನು 1873ರಲ್ಲಿ ವಿವರಿಸಿದವರು ಅರ್ನ್‌ಸ್ಟ್ ಅಬ್ಬೆ. ಒತ್ತೊತ್ತಾಗಿ ಗೆರೆ ಕೊರೆದ ಗಾಜಿಗೆ ಬೆಳಕು ಬಿಟ್ಟರೆ, ಆಬ್ಜೆಕ್ಟಿವ್‌ನ ಹಿಂದೆ ನಡುವೊಂದು, ಎರಡೂ ಬದಿಗೆ ಸಾಲಾಗಿ ಬೆಳಕಿನ ಚುಕ್ಕೆಗಳು ಮೂಡುತ್ತವೆ. ಸಹೋದ್ಯೋಗಿ ನಡುವಿನದರ ಪಕ್ಕದ ಎರಡನ್ನು ಮರೆಮಾಡಿ ಅವುಗಳಾಚೆಯ ಎರಡನ್ನು ಬಿಟ್ಟರು. ಗೆರೆಗಳು ಕಣ್ಣೆದುರೇ ಇಮ್ಮಡಿಯಾದವು. ಗಾಜಿನಲ್ಲಿಲ್ಲದ ಗೆರೆಗಳು, ಚೊಕ್ಕವಾಗಿ, ಎಣಿಸಬಹುದಾದಂತೆ. ನಾನು ನೆಚ್ಚಿದ್ದ ಅಳತೆಪಟ್ಟಿಯೂ ಗೆರೆಗಳ ಸಾಲೇ ಅಲ್ಲವೇ? ಹತ್ತು ಮೈಕ್ರಾನಿನ ಗೆರೆಗಳಾದರೆ ಮಸೂರ ಬೇಕಾದಷ್ಟು ಚುಕ್ಕೆಗಳನ್ನು ಹಿಡಿದುಕೊಳ್ಳುತ್ತದೆ, ಭಯವಿಲ್ಲ. ಮೈಕ್ರಾನಿನ ಐದನೇ ಒಂದು ಭಾಗದ ಹತ್ತಿರ ಹೋದಂತೆ ನಂಬಿಕೆ ಸಡಿಲವಾಗುತ್ತದೆ. ಕಣ್ಣಿನ ಬಳಿ ಗೆರೆ ಎಳೆದರೆಂದು ವಾನ್ ಫ್ರಾಸೆನ್ ಮೇಲೆ ಸಿಟ್ಟಾದ ನಾನು ಮಸೂರದೊಳಗೆ ಗೆರೆ ಎಳೆದಿದ್ದೇನೆ. ನನ್ನದೂ ಮಸುಕೇ.

ಇನ್ನೊಂದು ಪ್ರಶ್ನೆ ಉಳಿದಿದೆ. ಕೆಂಪು ರಕ್ತಕಣ ಅಳೆಯುವಾಗ ಫೋಕಸ್ ತಿರುಪನ್ನು ತುಸು ತಿರುಗಿಸಿದರೂ ಅಂಚು ಒಮ್ಮೆ ಕಪ್ಪಾಗಿ, ಒಮ್ಮೆ ಬೆಳ್ಳಗೆ ಕಾಣುತ್ತದೆ. "ಯಾವ ಅಂಚಿನಿಂದ ಅಳೆಯಲಿ ಮೇಡಂ, ಒಳಗಿಂದಲೋ ಹೊರಗಿಂದಲೋ?" ಎಂದು ಹುಡುಗನೊಬ್ಬ ಕೇಳಿದ್ದ. ರೆಕಾರ್ಡ್ ಪುಸ್ತಕಕ್ಕೆ ಒಂದು ಸಂಖ್ಯೆ ಬೇಕಿತ್ತು, ಹೊರಗಿಂದ ಎಂದೆ. ಗಾಜಿನ ಪಟ್ಟಿಗಾದರೆ ಅದನ್ನು ಮಾಡಿದವರು ಕೊಟ್ಟ ಅಳತೆ ಮೊದಲೇ ನನ್ನ ಕೈಯಲ್ಲಿದೆ. ಕಣಕ್ಕೆ ಅಂಥ ಅಳತೆ ಕೊಟ್ಟವರು ಯಾರು?

ಈ ಬೆಳಿಗ್ಗೆ ಬೆರಳು ಚುಚ್ಚಿಕೊಂಡು ಮತ್ತೆ ಅಳೆದೆ. ಹೊರಗಿಂದ ಮೂರು ಭಾಗಕ್ಕೆ ಸ್ವಲ್ಪ ಹೆಚ್ಚು, ಒಳಗಿಂದ ಮೂರಕ್ಕೆ ಸ್ವಲ್ಪ ಕಡಿಮೆ. ಎರಡನ್ನೂ ಬರೆದಿಟ್ಟಿದ್ದೇನೆ. ಯಾವುದನ್ನು ಹೊಡೆದುಹಾಕಬೇಕೆಂದು ಇನ್ನೂ ತೋಚಿಲ್ಲ.