ದುಂಬಿ ಉಂಡ ಹೂವೇ ಮೀಸಲು

ದೇವರಿಗೆ ಏರಿಸುವ ಹೂ ಮೊದಲು ಯಾರಿಗೆ ಸೇರಿದ್ದು? ಗದಗ-ಬೆಟಗೇರಿಯ ತ್ರಿಕೂಟೇಶ್ವರ, ವೀರನಾರಾಯಣ ಗುಡಿಗಳಲ್ಲಾಗಲಿ, ಶಿರಹಟ್ಟಿಯ ಫಕೀರೇಶ್ವರ ಮಠದಲ್ಲಾಗಲಿ, ಮುಂಡರಗಿಯ ಅನ್ನದಾನೀಶ್ವರ ಮಠದಲ್ಲಾಗಲಿ ಹೂವಿಲ್ಲದ ಪೂಜೆಯನ್ನು ಯಾರೂ ಊಹಿಸಲಾರರು. ಆದರೂ ಹೂ ಕೊಯ್ಯುವುದು ಸರಿಯೇ ಎಂಬ ಅನುಮಾನ ನಮ್ಮ ಧರ್ಮಚಿಂತನೆಯಲ್ಲಿ ಬಹಳ ಹಳೆಯದು. ಲಕ್ಷ್ಮೇಶ್ವರ, ಅಂದರೆ ಹಿಂದಿನ ಪುಲಿಗೆರೆ, ಸೋಮೇಶ್ವರನ ಊರಿದ್ದಂತೆ ಶಂಖ ಬಸದಿಯ ಊರೂ ಹೌದು. ಗಿಡವೂ ಏಕೇಂದ್ರಿಯ ಜೀವವೆಂದು ಜೈನರು ನಂಬುತ್ತಾರೆ. ಅದೇ ಕಾರಣಕ್ಕೆ ದಿಗಂಬರರಲ್ಲಿ ತೇರಾಪಂಥದವರು ಪೂಜೆಗೆ ಹಸಿ ಹೂ ಬಳಸುವುದಿಲ್ಲ, ಬೀಸಪಂಥದವರು ಬಳಸುತ್ತಾರೆ. ಶರಣರ ಪ್ರಶ್ನೆ ಇನ್ನೊಂದು ಬಗೆಯದು: ದುಂಬಿ ಮೊದಲೇ ಉಂಡು ಹೋದ ಹೂ ದೇವರಿಗೆ ಮೀಸಲಾಗುವುದು ಹೇಗೆ? ಆಡಂಬರದ ಮಡಿಯನ್ನು ಪ್ರಶ್ನಿಸಲು ಎತ್ತಿದ ಮಾತಿದು. ಅದನ್ನು ಒಂದು ಹೆಜ್ಜೆ ಮುಂದೊಯ್ದರೆ ನನಗೆ ಕಾಣುವುದಿಷ್ಟು: ದುಂಬಿ ಉಂಡದ್ದು ಹೂವಿನ ಕುಂದಲ್ಲ, ಅದೇ ಅದರ ಅರ್ಹತೆ.

ಇದು ಬರೀ ಭಾವುಕತೆಯಲ್ಲ. ಜವಾರಿ ಗಲಾಟೆ ಹೂವನ್ನು ಹತ್ತಿರದಿಂದ ನೋಡಿ. ನಾವು ಒಂದು ಹೂ ಎನ್ನುವುದು ನೂರಾರು ಕಿರುಹೂಗಳ ಗೊಂಚಲು. ಅಂಚಿನ ಬಣ್ಣದ ಎಸಳು ಕೀಟವನ್ನು ಕರೆಯುತ್ತದೆ. ನಡುವಿನ ಬಟ್ಟಲಿನಲ್ಲಿ ಕಿರುಹೂಗಳು ಹೊರಸುತ್ತಿನಿಂದ ಒಳಕ್ಕೆ ದಿನಕ್ಕಷ್ಟು ಅರಳಿ ಮಕರಂದವನ್ನೂ ಪರಾಗವನ್ನೂ ಕೊಡುತ್ತವೆ. ಒಂಟಿಸುತ್ತಿನ ಚೆಂಡು ಹೂವಿನ ರಚನೆಯೂ ಹೆಚ್ಚುಕಡಿಮೆ ಇದೇ. ಮಾಲೆಗೆ ತುಂಬಿಕೊಂಡು ಕಾಣಲೆಂದು ಬೆಳೆಸಿದ ದಪ್ಪ ಚೆಂಡು ಹೂವಿನಲ್ಲಿ ನಡುವಿನ ಕಿರುಹೂಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಅಲ್ಲಿ ಪರಾಗ ಕಡಿಮೆ, ಮಕರಂದದ ದಾರಿ ಇಕ್ಕಟ್ಟು. ಜೇನ್ನೊಣ ಬಂದರೂ ಬರಿಗೈಲಿ ಹೋಗುತ್ತದೆ. ಹೈಬ್ರಿಡ್ ಗಿಡದ ಬೀಜ ಹಿಡಿದರೆ ಮುಂದಿನ ವರ್ಷ ಅದೇ ಹೂ ಬರುವುದಿಲ್ಲ. ಜವಾರಿ ಹೂವನ್ನಾದರೆ ಗಿಡದಲ್ಲೇ ಒಣಗಲು ಬಿಟ್ಟು, ಅಂಗೈಯಲ್ಲಿ ತಿಕ್ಕಿ, ಬೀಜ ತೆಗೆದಿಟ್ಟುಕೊಳ್ಳಬಹುದು. ದುಂಬಿಗೂ ಉಣಿಸದ, ನಾಳಿನ ಬಿತ್ತನೆಗೂ ಒದಗದ ಹೂವನ್ನು ಮೀಸಲು ಎನ್ನುವುದು ಹೇಗೆ?

ಈ ಸೀಮೆಯ ಅನ್ನಕ್ಕೂ ಈ ಮಾತಿಗೂ ನಂಟಿದೆ. ಇಲ್ಲಿನ ಎರೆಹೊಲಗಳ ಸೂರ್ಯಕಾಂತಿ ಜೇನ್ನೊಣ ಬಂದರೆ ಹೆಚ್ಚು ಕಾಳು ಕಟ್ಟುತ್ತದೆ. ಗುರೆಳ್ಳಂತೂ ಬೇರೆ ಗಿಡದ ಪರಾಗ ಬೀಳದೆ ಸರಿಯಾಗಿ ಕಾಳು ಕಟ್ಟುವುದೇ ಇಲ್ಲ. 2019ರಲ್ಲಿ ವನ್ಯಜೀವಿ ಧಾಮವಾದ ಕಪ್ಪತಗುಡ್ಡ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹಬ್ಬಿದೆ. ಗುಡ್ಡವನ್ನು ಕಾನೂನು ಕಾಯಬಹುದು. ಹೊಲದ ಬದುವಿನಲ್ಲಿ ಹೂವಿಲ್ಲದಿದ್ದರೆ ದುಂಬಿಗೆ ಅಲ್ಲಿ ಮೇವೆಲ್ಲಿ? ಹೂವನ್ನು ನೋಯಿಸದೆ ರಸ ಹೀರುವ ದುಂಬಿಯಂತೆ ಮುನಿ ಭಿಕ್ಷೆ ಪಡೆಯಬೇಕೆಂದು ಜೈನರ ದಶವೈಕಾಲಿಕ ಸೂತ್ರ ಹೇಳುತ್ತದೆ. ಸಂನ್ಯಾಸಿಯ ಮನೆಮನೆಯ ಭಿಕ್ಷೆಗೆ ಮಧುಕರಿ ಎಂಬ ಹೆಸರೂ ಇದೆ. ಬದುಕಿನ ನೀತಿಗೆ ಗುರುವಾದ ಜೀವಿಯನ್ನು ಹಸಿವಿನಲ್ಲಿಟ್ಟು ಮಾಡುವ ಪೂಜೆ ಅಪೂರ್ಣ.

ದೇವರು ನೋಡುವುದು ಭಾವವನ್ನು, ಹೂವಿನ ತಳಿಯನ್ನಲ್ಲ ಎಂದು ಕೆಲವರು ಹೇಳಬಹುದು. ನಿಜ. ಆದರೆ ಭಾವಪುಷ್ಪಗಳಲ್ಲಿ ಮೊದಲನೆಯದು ಅಹಿಂಸೆ ಎಂದು ಹೇಳಿದ್ದೂ ಇದೇ ಪರಂಪರೆ. ಆ ಭಾವ ಹೊಲದಲ್ಲಿ ಕಾಣದಿದ್ದರೆ ಅದು ಬಾಯಿಮಾತು. ಚೆಂಡು ಹೂ ಮೆಕ್ಸಿಕೋದಿಂದ ಬಂದದ್ದು, ಅದೆಂಥ ಜವಾರಿ ಎಂಬ ಆಕ್ಷೇಪವೂ ಉಂಟು. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದಲೇ ಬಂತು. ತಲೆಮಾರುಗಳಿಂದ ಬೀಜ ಹಿಡಿದು ಉಳಿಸಿಕೊಂಡ ಬ್ಯಾಡಗಿಯನ್ನು ಯಾರೂ ಪರಕೀಯ ಎನ್ನುವುದಿಲ್ಲ. ಗಟ್ಟಿಯಾದ ಆಕ್ಷೇಪ ಬೆಳೆಗಾರನದು: ಪೇಟೆಯಲ್ಲಿ ಬೆಲೆ ಇರುವುದು ದಪ್ಪ ಹೂವಿಗೆ, ದುಂಬಿ ಸಾಲ ತೀರಿಸುವುದಿಲ್ಲ. ಈ ಭಾರವನ್ನು ರೈತನೊಬ್ಬನ ಮೇಲೆ ಹೇರುವುದು ಅನ್ಯಾಯ. ಬೆಲೆ ಕಟ್ಟುವವರು ಭಕ್ತರು. ಹಾಗಾಗಿ ಮೊದಲ ಹೊಣೆಯೂ ಭಕ್ತರದು, ಗುಡಿ-ಮಠಗಳದು. ಅವರು ಜವಾರಿ ಹೂವನ್ನು ಕೇಳಿ ಕೊಳ್ಳಲಿ, ತಮ್ಮ ಅಂಗಳದಲ್ಲೂ ಬಿತ್ತಲಿ. ಬೆಳೆಗಾರ ಒಂದು ಸಾಲನ್ನು ಕೊಯ್ಯದೆ ಬಿಡಲಿ, ಹೂ ಅರಳಿದಾಗ ಔಷಧ ಹೊಡೆಯದಿರಲಿ. ಬರುವ ಮುಂಗಾರಿಗೆ ಈ ನಾಲ್ಕೂ ಊರುಗಳ ಒಂದೊಂದು ಗುಡಿ, ಒಂದೊಂದು ಮಠ ಇದನ್ನು ಶುರುಮಾಡಲಿ.